ಅಪ್ಪ-ಅಮ್ಮನ ಜೊತೆ ಒಂದು ದಿನ ಪ್ರಾಗ್‌ನಲ್ಲಿ: ಗೈಡ್ ಬೇಕಾ, ನಾವೇ ನಡೆದು ನೋಡಬಹುದಾ? 15 ಜಾಗದ ಪಟ್ಟಿ ಇದೆ, ಯಾವ ಕ್ರಮದಲ್ಲಿ ಹೋಗಲಿ?

ಒಂದು ದಿನ, ಮೊಣಕಾಲು ನೋವಿನ ಅಮ್ಮ, ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಟ್ಟ ಜಾಗಗಳು. ನೀವು ಬರೆದಿರುವುದು ನನ್ನ ಕಥೆಯೇ. ನನ್ನ ಪಟ್ಟಿಯಲ್ಲಿ 14 ಇದ್ದವು, ನಿಮ್ಮದರಲ್ಲಿ 15. ಅಷ್ಟೇ ವ್ಯತ್ಯಾಸ.

ನಾನಾಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೆ. ಸಾಗರದಿಂದ ಅಪ್ಪ-ಅಮ್ಮ ಬಂದಿದ್ದರು. ಅಲ್ಲಿಂದ ಜೆಕ್ ದೇಶದ ಪ್ರಾಗ್‌ಗೆ ರೈಲಿನಲ್ಲಿ ಹೆಚ್ಚೂಕಮ್ಮಿ ಎರಡೂವರೆ ಗಂಟೆ. ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ವಾಪಸ್ ಭಾನುವಾರ ಹತ್ತೂವರೆಯ ರೈಲು, ಟಿಕೆಟ್ ಅಗ್ಗ ಅಂತ. ಈ ಹತ್ತೂವರೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅವರಿಗೆ ಪ್ರಾಗ್‌ನಲ್ಲಿ ಬೇಕಾಗಿದ್ದದ್ದು ಒಂದೇ: ಕೋಟೆಯೊಳಗಿನ ದೊಡ್ಡ ಚರ್ಚು, ಸೇಂಟ್ ವೈಟಸ್ ಕೆಥೆಡ್ರಲ್. ಅದರ ಕೆಲಸ ಶುರುವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. "585 ವರ್ಷ! ಕೆಲಸ ತಡ ಅಂತ ನಮಗೆ ಸುಮ್ನೆ ಬೈತಾರೆ" ಅಂತ ರೈಲಿನಲ್ಲೇ ನಾಲ್ಕು ಸಲ ಹೇಳಿದ್ದರು. ಹಳೇ ಕಲ್ಲಿಗೂ ಹೊಸ ಕಲ್ಲಿಗೂ ಎಲ್ಲಿ ಬೆಸುಗೆ ಹಾಕಿದ್ದಾರೆ, ಮೇಲಿನ ಕಮಾನು ಭಾರ ಹೇಗೆ ಹೊರುತ್ತದೆ, ಅದನ್ನು ನೋಡಬೇಕಿತ್ತು ಅವರಿಗೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪ್ರಾಗ್‌ನಲ್ಲಿ ರಾಜಮಾರ್ಗ ಅಂತ ಒಂದು ದಾರಿ ಇದೆ. ಬೊಹೀಮಿಯಾದ, ಅಂದರೆ ಹಳೇ ಜೆಕ್ ರಾಜ್ಯದ, ರಾಜರು ಪಟ್ಟಾಭಿಷೇಕಕ್ಕೆ ಮೆರವಣಿಗೆಯಲ್ಲಿ ಹೋಗುತ್ತಿದ್ದ ದಾರಿ. ಕೊನೆಯ ಪಟ್ಟಾಭಿಷೇಕ ನಡೆದದ್ದು 1836ರಲ್ಲಿ. ಪೌಡರ್ ಟವರ್ ಅನ್ನುವ ಕಪ್ಪು ಗೋಪುರದಿಂದ ಶುರು. ಹಳೇ ಊರಿನ ಚೌಕ, ಕಾರ್ಲೊವಾ ಬೀದಿ, ಚಾರ್ಲ್ಸ್ ಸೇತುವೆ, ಆಮೇಲೆ ನೆರುದೋವಾ ಬೀದಿ ಹತ್ತಿ ಕೋಟೆ. ಮುಖ್ಯವಾದ ಜಾಗಗಳೆಲ್ಲ ಇದೊಂದೇ ದಾರಿಯಲ್ಲಿ ಸಾಲಾಗಿ ಸಿಗುತ್ತವೆ. ಗೈಡ್ ಯಾಕೆ ಬೇಕು ಅಂದುಕೊಂಡೆ. ರಾಜರು ಹೋದ ಕ್ರಮದಲ್ಲೇ ಹೋಗೋಣ, ಕೊನೆಗೆ ಕೆಥೆಡ್ರಲ್, ಊಟದ ಕೊನೆಯ ಪಾಯಸದ ಹಾಗೆ. ಮ್ಯಾಪ್ ಎರಡೂವರೆ ಕಿಲೋಮೀಟರ್, ಮೂವತ್ತೈದು ನಿಮಿಷ ಅಂತ ತೋರಿಸಿತು. ಊರಲ್ಲಿ ಅಮ್ಮ ದಿನಾ ಬೆಳಿಗ್ಗೆ ಅಷ್ಟು ನಡೆಯುತ್ತಾಳೆ.

ಮ್ಯಾಪ್ ಹೇಳದೇ ಇದ್ದದ್ದು ಮೂರು. ಒಂದು, ಕೋಟೆ ಇರುವುದು ಗುಡ್ಡದ ಮೇಲೆ, ಏರೆಲ್ಲ ಕೊನೆಯಲ್ಲೇ ಬರುತ್ತದೆ. ಅಂದರೆ ಕಾಲು ಸೋತ ಮೇಲೆ ಹತ್ತಬೇಕು. ಎರಡು, ನೆಲಕ್ಕೆ ಉದ್ದಕ್ಕೂ ಹಾಸಿರುವುದು ಕಲ್ಲು. ಕಲ್ಲಿನ ಸಂದಿಗೆ ಹೆಜ್ಜೆ ಬಿದ್ದಾಗಲೆಲ್ಲ ಮೊಣಕಾಲಿಗೆ ಸಣ್ಣದೊಂದು ಏಟು. ಮೂರು, ಆ ಮೂವತ್ತೈದು ನಿಮಿಷ ಎಲ್ಲೂ ನಿಲ್ಲದೆ ನಡೆಯುವವನದು. ಊರು ನೋಡಲು ಬಂದವರು ಪ್ರತಿ ಹತ್ತು ಹೆಜ್ಜೆಗೂ ನಿಲ್ಲುತ್ತಾರೆ, ಅಲ್ವಾ? ಇನ್ನೊಂದು ಸಣ್ಣ ವಿಷಯ ನನಗೆ ಹೊಳೆದದ್ದೇ ಇಲ್ಲ. ಆ ರಾಜರು ಹತ್ತಿದ್ದು ಕುದುರೆ ಮೇಲೆ ಕೂತು.

ಹನ್ನೆರಡಕ್ಕೆ ಪೌಡರ್ ಟವರ್ ಬಿಟ್ಟೆವು. ಒಂದು ಗಂಟೆಗೆ ಚೌಕದ ಗಡಿಯಾರದ ಕೆಳಗೆ ನಿಂತಿದ್ದೆವು. 1410ರ ಗಡಿಯಾರ. ಗಂಟೆಗೊಮ್ಮೆ ಅಸ್ಥಿಪಂಜರದ ಗೊಂಬೆ ಗಂಟೆ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರ ಗೊಂಬೆಗಳು ಒಂದೊಂದಾಗಿ ಮುಖ ತೋರಿಸಿ ಹೋಗುತ್ತವೆ. ಒಂದು ನಿಮಿಷದೊಳಗೆ ಆಟ ಮುಗಿಯುತ್ತದೆ. "ಇಷ್ಟೇನಾ?" ಅಂದಳು ಅಮ್ಮ. ಅದಕ್ಕಾಗಿ ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದೆವು. ಆದರೆ ಆ ಗಡಿಯಾರ ಇರುವ ಪುರಭವನದ ಮುಂದೆ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಅಲ್ಲಿ ಗಲ್ಲು, ಶಿರಚ್ಛೇದ ಆದ 27 ಜನರ ನೆನಪಿಗೆ. ಜನ ಗಡಿಯಾರದ ಕಡೆ ಫೋನ್ ಎತ್ತಿಕೊಂಡು ಅವುಗಳ ಮೇಲೆಯೇ ನಿಂತಿರುತ್ತಾರೆ. ಅಪ್ಪ ಪಕ್ಕಕ್ಕೆ ಸರಿದು ಒಂದೊಂದನ್ನೂ ಎಣಿಸಿದರು. ಎದುರಿನ ಟಿನ್ ಚರ್ಚಿನಲ್ಲಿ ಖಗೋಳಜ್ಞ ಟೈಕೋ ಬ್ರಾಹೆಯ ಸಮಾಧಿ ಇದೆ. ಅದು ಪಟ್ಟಿಯಲ್ಲಿ ಆರನೆಯದು, ಸಮಯ ಸಾಲದೆ ಬಿಟ್ಟೆವು.

ಊಟ ಮುಗಿಸಿ ಸೇತುವೆಗೆ ಬಂದಾಗ ಮೂರು ಗಂಟೆ. 1357ರಲ್ಲಿ ಶುರುವಾದ ಸೇತುವೆ, ಅರ್ಧ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ, ಎರಡೂ ಬದಿಗೆ ಸೇರಿ 30 ಪ್ರತಿಮೆ ಗುಂಪುಗಳು. ನೆಪೊಮುಕ್ ಅನ್ನುವ ಸಂತನ ಪ್ರತಿಮೆಯ ಬುಡದಲ್ಲಿ ಹಿತ್ತಾಳೆ ಬಣ್ಣಕ್ಕೆ ಹೊಳೆಯುವ ಫಲಕ ಇದೆ. ಎಲ್ಲರೂ ಮುಟ್ಟಿ ಮುಟ್ಟಿ ಹೊಳಪು ಬಂದದ್ದು. ರಾಣಿ ತನ್ನ ಬಳಿ ಹೇಳಿಕೊಂಡ ತಪ್ಪೊಪ್ಪಿಗೆಯನ್ನು ರಾಜನಿಗೆ ಹೇಳಲಿಲ್ಲ ಅಂತ 1393ರಲ್ಲಿ ಅವನನ್ನು ನದಿಗೆ ಎಸೆದರು ಅನ್ನುವುದು ಅಲ್ಲಿನ ಐತಿಹ್ಯ. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ "ಹೆಣ್ಣುಮಗಳ ಗುಟ್ಟು ಉಳಿಸಿ ಸತ್ತವನಾ?" ಅಂತ ಕೇಳಿ, ಶೂ ಬಿಚ್ಚಿಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆ ಕ್ಯೂನಲ್ಲಿದ್ದವರು ಸುಮ್ಮನೆ ಕಾದರು. ಆ ದಿನ ನನಗೆ ಅತ್ಯಂತ ಇಷ್ಟವಾದ ಹತ್ತು ನಿಮಿಷ ಅದು. ಆಗಲೂ ನಾನು ವಾಚು ನೋಡುತ್ತಿದ್ದೆ ಅನ್ನುವುದು ಬೇರೆ ಮಾತು.

ನೆರುದೋವಾ ಬೀದಿಯಲ್ಲಿ ಕಾಲು ಭಾಗ ಹತ್ತುವಷ್ಟರಲ್ಲಿ ಅಮ್ಮ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. "ನೀವಿಬ್ಬರೂ ಹೋಗಿ ಬನ್ನಿ." ಅಪ್ಪ ಬಿಟ್ಟು ಹೋಗುವವರಲ್ಲ. ಇಪ್ಪತ್ತು ನಿಮಿಷ ಕೂತೆವು. ಎದುರು ಮನೆಯ ಬಾಗಿಲ ಮೇಲೆ ಮೂರು ಪಿಟೀಲು ಕೆತ್ತಿದ್ದರು. 1770ರಲ್ಲಿ ಮನೆ ನಂಬರು ಬರುವ ಮೊದಲು ಅಲ್ಲಿ ಮನೆಗಳನ್ನು ಗುರುತಿಸುತ್ತಿದ್ದದ್ದೇ ಇಂಥ ಚಿಹ್ನೆಗಳಿಂದ: ಮೂರು ಪಿಟೀಲು, ಚಿನ್ನದ ಕೀಲಿ, ಎರಡು ಸೂರ್ಯ. "ನಮ್ಮಲ್ಲಿ ಮೇಲಿನಮನೆ, ಕೆಳಗಿನಮನೆ ಅನ್ನಲ್ವಾ, ಹಾಗೇ" ಅಂದಳು ಅಮ್ಮ, ಮೊಣಕಾಲು ನೀವಿಕೊಳ್ಳುತ್ತಾ. ಮತ್ತೆ ಎದ್ದು ನಡೆದೆವು, ಮತ್ತೆ ಕೂತೆವು. ಕೋಟೆಯ ಬಾಗಿಲಲ್ಲಿ ಬ್ಯಾಗ್ ತಪಾಸಣೆಯ ಸಾಲು ಬೇರೆ. ಕೆಥೆಡ್ರಲ್ ಮುಂದೆ ನಿಂತಾಗ ಐದಕ್ಕೆ ಹತ್ತು ನಿಮಿಷ. ಐದಕ್ಕೆ ಮುಚ್ಚುತ್ತಿದ್ದರು, ಒಳಗೆ ಬಿಡುವುದನ್ನು ಇಪ್ಪತ್ತು ನಿಮಿಷ ಮೊದಲೇ ನಿಲ್ಲಿಸುತ್ತಾರೆ.

ಪರವಾಗಿಲ್ಲ, ನಾಳೆ ಬೆಳಿಗ್ಗೆ ಟ್ಯಾಕ್ಸಿ ಮಾಡಿಕೊಂಡು ಬರೋಣ ಅಂದೆ. ಬಾಗಿಲ ಪಕ್ಕದ ಬೋರ್ಡ್ ಓದಿದವರು ಅಪ್ಪ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ, ಪ್ರವಾಸಿಗರಿಗೆ ಪ್ರವೇಶ ಹನ್ನೆರಡರ ನಂತರ. ನಮ್ಮ ರೈಲು ಹತ್ತೂವರೆಗೆ.

ಅಪ್ಪ ಏನೂ ಅನ್ನಲಿಲ್ಲ. ಹೊರಗಿನಿಂದ ಒಂದು ಸುತ್ತು ಬಂದರು, ಗೋಡೆಯ ಕಲ್ಲನ್ನು ಬೆರಳಿಂದ ತಟ್ಟಿ ನೋಡಿದರು, "ಮಳೆನೀರು ಹೋಗೋ ವ್ಯವಸ್ಥೆ ಚೆನ್ನಾಗಿದೆ" ಅಂದರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಗೈಡ್ ಬೇಕಾ ಬೇಡವಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಿಸುವುದಿಲ್ಲ. ಗೈಡ್ ಇದ್ದರೂ ಗುಂಪಿನ ವೇಗಕ್ಕೆ ನಡೆಯಬೇಕು, ಇಂಗ್ಲಿಷಿನಲ್ಲಿ ಕೇಳಬೇಕು. ನಿಮ್ಮ ಅಮ್ಮನಿಗೆ ನೀವೇ ಕನ್ನಡದಲ್ಲಿ ಹೇಳಿದರೆ ಅದಕ್ಕಿಂತ ಒಳ್ಳೆಯ ಗೈಡ್ ಇಲ್ಲ. ನೀವು ಕೇಳಬೇಕಾಗಿದ್ದದ್ದು ಹತ್ತಬೇಕಾ, ಇಳಿಯಬೇಕಾ ಅಂತ. ಇಳಿಯಿರಿ. ಎರಡು ವರ್ಷದ ಮೇಲೆ ಗೆಳೆಯರ ಜೊತೆ ಹೋದಾಗ ನಾನು ಮಾಡಿದ್ದು ಅದೇ. ಬೆಳಿಗ್ಗೆ 22ನೇ ನಂಬರ್ ಟ್ರ್ಯಾಮ್ ಹತ್ತಿ ಕೋಟೆಯನ್ನೂ ದಾಟಿ ಪೊಹೊರ್ಜೆಲೆತ್ಸ್ ಸ್ಟಾಪಿನಲ್ಲಿ ಇಳಿದೆವು. ಅಲ್ಲಿ ಸ್ವಲ್ಪ ಏರು ಇದೆ, ಆಮೇಲೆ ಹೆಚ್ಚಾಗಿ ಇಳಿಜಾರು. ಲೊರೆಟಾ ಚರ್ಚಿನ 27 ಗಂಟೆಗಳ ನಾದ ಕೇಳಿಕೊಂಡು, ಒಂಬತ್ತಕ್ಕೆ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಕೆಥೆಡ್ರಲ್ ಒಳಗಿದ್ದೆವು. ಅಪ್ಪನಿಗೆ ಕಮಾನಿನ ಫೋಟೋ ನಲವತ್ತು ಕಳಿಸಿದೆ. "ಕ್ಲಿಯರ್ ಇಲ್ಲ" ಅಂತ ಉತ್ತರ ಬಂತು.

15 ಜಾಗದ ಪಟ್ಟಿ ಹರಿದು ಹಾಕಿ. ಕೆಥೆಡ್ರಲ್, ನೆರುದೋವಾ, ಸೇತುವೆ, ಚೌಕ. ನಾಲ್ಕು ಸಾಕು, ಇದೇ ಕ್ರಮದಲ್ಲಿ. ಉಳಿದದ್ದು ದಾರಿಯಲ್ಲಿ ಸಿಕ್ಕರೆ ಸಿಗಲಿ. ಟ್ರ್ಯಾಮಿನ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ತಕ್ಷಣ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಅಮ್ಮನಿಗೆ ಪ್ರವಾಸಕ್ಕೆಂದು ಹೊಸ ಶೂ ಕೊಡಿಸಬೇಡಿ, ನಾನು ಆ ಕೆಲಸವನ್ನೂ ಮಾಡಿದ್ದೆ.

ನಿಮ್ಮದು ಯಾವ ವಾರ ಅಂತ ಬರೆದಿಲ್ಲ. ಭಾನುವಾರ ಆಗಿದ್ದರೆ ಈಗಲೇ ಟಿಕೆಟ್ ಬದಲಾಯಿಸಿ.