ಓದುಗರ ಪ್ರಶ್ನೆ: ಅಟ್ಟದ ಮೇಲೆ ಹುಣ್ಣಿಮೆ ಪೂಜೆ

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ. ಆರು ತಿಂಗಳಿಂದ ವಿಕ್ಕಾ ಎಂಬ ಧರ್ಮದ ಬಗ್ಗೆ ಓದುತ್ತಿದ್ದಾಳೆ. ಹುಣ್ಣಿಮೆ ರಾತ್ರಿ ಅಟ್ಟದ ಮೇಲೆ ಮೇಣದಬತ್ತಿ ಹಚ್ಚಿ ಕೂರುತ್ತಾಳೆ, ಸೊಪ್ಪು ಒಣಗಿಸಿ ಡಬ್ಬಿಗೆ ತುಂಬುತ್ತಾಳೆ. ಅತ್ತೆಯವರು ಮಾಟವೆಂದು ಹೆದರಿದ್ದಾರೆ. ನನಗೆ ಬೈಯಲು ಮನಸ್ಸಿಲ್ಲ. ಏನು ಮಾಡಲಿ?
– ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವಿಕ್ಕಾ ಮಾಟವಲ್ಲ, ಸೈತಾನನ ಆರಾಧನೆಯೂ ಅಲ್ಲ. ಆ ಧರ್ಮದವರು ಸೈತಾನನನ್ನು ನಂಬುವುದೇ ಇಲ್ಲ. ಇಂಗ್ಲೆಂಡಿನಲ್ಲಿ 1735ರ ಮಾಟದ ಕಾಯ್ದೆ 1951ರಲ್ಲಿ ರದ್ದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಇದನ್ನು ಬಹಿರಂಗಕ್ಕೆ ತಂದರು. ಪುರಾತನವೆಂದು ಹೇಳಿಕೊಂಡರೂ ವಯಸ್ಸಿನಲ್ಲಿ ನಿಮ್ಮ ಅತ್ತೆಯವರ ಓರಗೆಯದೇ ಇರಬೇಕು! ಒಬ್ಬ ದೇವಿ, ಒಬ್ಬ ಕೊಂಬಿನ ದೇವರು, ಹುಣ್ಣಿಮೆಯ ಆಚರಣೆ, ವರ್ಷಕ್ಕೆ ಎಂಟು ಹಬ್ಬ. ಯಾರಿಗೂ ಕೇಡಾಗದಂತೆ ನಿನ್ನಿಷ್ಟದ ಹಾಗೆ ನಡೆ ಎಂಬುದು ಮುಖ್ಯ ಕಟ್ಟಳೆ. ಭೂಮಿ ಹುಣ್ಣಿಮೆಗೆ ಗದ್ದೆಯ ತಾಯಿಗೆ ಬಯಕೆ ಊಟ ಬಡಿಸುವ ಅತ್ತೆಯವರಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ. ಮಗಳಿಗೆ ಮಾತ್ರ ‘ಇದೆಲ್ಲ ನಮ್ಮಲ್ಲೇ ಇದೆಯಲ್ಲ’ ಎನ್ನಬೇಡಿ. ಆ ಮಾತು ಕೇಳಿದ ಮಕ್ಕಳು ಮುಂದೆ ಬಾಯಿ ಬಿಡುವುದಿಲ್ಲ. ‘ಏನದು, ನನಗೂ ಹೇಳು’ ಎಂದು ಕೂತುಕೊಳ್ಳಿ.

ನಿಜವಾದ ಅಪಾಯ ಆ ಅಟ್ಟ. ಮರದ ಮುಚ್ಚಿಗೆ, ಗೋಣಿಚೀಲ, ಒಣ ಹಾಳೆ, ಸೊಳ್ಳೆ ಪರದೆ, ನಡುವೆ ಉರಿಯುವ ಬತ್ತಿ. ಪೂಜೆ ಕೆಳಗೆ, ಸಿಮೆಂಟು ನೆಲಕ್ಕೆ ಇಳಿಯಲಿ. ಅಗಲ ಸ್ಟೀಲ್ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮರಳು ಹಾಕಿ ಗಿಡ್ಡ ಬತ್ತಿ ನೆಡಬೇಕು, ಸುತ್ತ ಒಂದು ಮೊಳದೊಳಗೆ ಬಟ್ಟೆ, ಕಾಗದ ಇರಬಾರದು, ಜಡೆ ಕಟ್ಟಿರಬೇಕು. ಗಾಜಿನ ಲೋಟದ ಬತ್ತಿಯಾದರೆ ಒಂದು ಸೆಂಟಿಮೀಟರ್ ಮೇಣ ಉಳಿದಾಗಲೇ ಆರಿಸಬೇಕು. ತಳದವರೆಗೆ ಉರಿದರೆ ಗಾಜು ಕಾದು ಸೀಳುತ್ತದೆ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ನೀರು ಒಮ್ಮೆಲೇ ಹಬೆಯಾಗಿ ಉರಿಯುವ ಮೇಣವನ್ನು ಮುಖಕ್ಕೆ ಸಿಡಿಸುತ್ತದೆ. ಪಾತ್ರೆಯ ಮುಚ್ಚಳ ಕವುಚಿದರೆ ಆರುತ್ತದೆ. ಮಳೆಗಾಲದಲ್ಲಿ ಕಿಟಕಿ ಹಾಕಿಕೊಂಡು ಕೆಂಡದ ಮೇಲೆ ಧೂಪ ಹಾಕುವುದು ಇನ್ನೂ ಕೆಟ್ಟದ್ದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ತಪ್ಪುತ್ತದೆ. ಊದುಬತ್ತಿ ಸಾಕು, ಕಿಟಕಿ ತೆರೆದಿರಲಿ.

ಡಬ್ಬಿಗಳನ್ನು ಅವಳ ಜೊತೆ ಕೂತು ನೋಡಿ. ವಿಕ್ಕಾದವರು ಹೇಳುವ ಮಗ್‌ವರ್ಟ್‌ಗಾಗಿ ದುಡ್ಡು ಕೊಟ್ಟು ತರಿಸಬೇಕಿಲ್ಲ, ನಮ್ಮ ದವನ ಅದೇ ಕುಲದ ಗಿಡ. ತುಳಸಿ, ಮಜ್ಜಿಗೆ ಹುಲ್ಲು ಹಿತ್ತಲಲ್ಲೇ ಇವೆ. ಉಮ್ಮತ್ತಿ, ಕಾಸರಕ, ಗುಲಗಂಜಿ, ಕಣಗಿಲೆ ಒಳಗೆ ಬರಬಾರದು. ಕಣಗಿಲೆಯ ಹೊಗೆಯೂ ವಿಷ. ಕಡ್ಡಿ ಲಟ್ಟೆಂದು ಮುರಿಯುವಷ್ಟು ಒಣಗದಿದ್ದರೆ ಮಲೆನಾಡಿನ ಥಂಡಿಗೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಪ್ರತಿ ಡಬ್ಬಿಗೂ ಹೆಸರು, ತಾರೀಖು, ‘ತಿನ್ನಲು ಅಲ್ಲ’ ಎಂಬ ಚೀಟಿ ಇರಲಿ. ದೇವರಕಾಡು, ನಾಗಬನದಲ್ಲಿ ಕಡ್ಡಿಯನ್ನೂ ಮುರಿಯಬಾರದು ಎನ್ನಿ, ಅದನ್ನು ಅವಳು ಥಟ್ಟನೆ ಒಪ್ಪುತ್ತಾಳೆ.

ಹಬ್ಬಗಳ ವಿಷಯ ಸ್ವಾರಸ್ಯದ್ದು. ಡಿಸೆಂಬರ್ 21ರ ಸುಮಾರಿನ ಯೂಲ್ ಸೂರ್ಯ ಮರಳುವ ಹಬ್ಬ. ಅಂದು ಲಂಡನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರದು, ಶಿವಮೊಗ್ಗದಲ್ಲಿ ಹನ್ನೊಂದೂಕಾಲು ಗಂಟೆ. ಅಲ್ಲಿನ ಆತುರ ಇಲ್ಲಿ ಹುಟ್ಟುವುದಿಲ್ಲ. ಆಗಸ್ಟ್ 1ರ ಲಾಮಸ್ ಗೋಧಿ ಕೊಯ್ಲಿನದು, ಆಗ ನಮ್ಮಲ್ಲಿ ನಾಟಿ. ಒಂದು ನೋಟ್‌ಬುಕ್ ಕೊಡಿಸಿ, ಎಡಪುಟದಲ್ಲಿ ಅಲ್ಲಿನ ಹಬ್ಬ, ಬಲಪುಟದಲ್ಲಿ ಅದೇ ದಿನ ತೋಟದಲ್ಲಿ, ಗದ್ದೆಯಲ್ಲಿ, ಹಳ್ಳದಲ್ಲಿ ಕಂಡದ್ದು ಬರೆಯಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಚಂದ್ರ ಕಾಣುವುದು ಅಪರೂಪ, ಹುಣ್ಣಿಮೆಗೆ ಪಂಚಾಂಗವೇ ಗತಿ.

ಒಂದರಲ್ಲಿ ಮಾತ್ರ ಸಡಿಲ ಬೇಡ. ಗಾರ್ಡ್ನರ್ ಪರಂಪರೆಯಲ್ಲಿ ದೀಕ್ಷೆ ಬೆತ್ತಲೆಯಾಗಿ ನಡೆಯುತ್ತದೆ. ಜವಾಬ್ದಾರಿಯುಳ್ಳ ಗುಂಪುಗಳು ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಮೊಬೈಲಿನಲ್ಲಿ ‘ದೀಕ್ಷೆ ಕೊಡುತ್ತೇನೆ’ ಎಂದು ಫೋಟೋ ಕೇಳುವವನು ಗುರುವಲ್ಲ. ಇದನ್ನು ಮಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಅಂಥದ್ದು ನಡೆದರೆ ಸಂದೇಶ ಅಳಿಸದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಗುಂಪಿಲ್ಲದೆ ಒಬ್ಬರೇ ಆಚರಿಸುವವರು ವಿಕ್ಕಾದಲ್ಲಿ ಬಹಳ ಇದ್ದಾರೆ, ಅವಳಿಗೆ ಸದ್ಯ ಅದು ಸಾಕು. ರಕ್ತ ತೆಗೆಯುವುದು, ಊಟ ನಿದ್ದೆ ಬಿಡುವುದು, ಮಾತ್ರೆ ಬದಲು ಮಂತ್ರ ಎನ್ನುವುದು ಕಂಡರೆ ಧರ್ಮದ ಚರ್ಚೆ ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ. 14416ರಲ್ಲಿ ಉಚಿತ ಆಪ್ತಸಲಹೆ ಸಿಗುತ್ತದೆ.

ಪ್ರಶ್ನೆ: ವಿಕ್ಕಾ ಪೂಜೆಗೆ ಕೂರುವ ಜಾಗದ ಸುತ್ತ ವೃತ್ತ ಹಾಕಲು ಉಪ್ಪು, ಕಪ್ಪು ಹಿಡಿಯ ಚಾಕು ಬೇಕೇ ಬೇಕಾ? ಅಪ್ಪ ಚಾಕು ಬೇಡ ಅಂತಾರೆ.
– ವಿದ್ಯಾರ್ಥಿ, ಸಾಗರ

ಉತ್ತರ: ಅಪ್ಪನ ಮಾತು ಕೇಳಿ. ಆ ಚಾಕುವಿನಿಂದ ಏನನ್ನೂ ಕೊಯ್ಯುವುದಿಲ್ಲ, ದಿಕ್ಕು ತೋರಿಸಲು ಅಷ್ಟೆ. ತೋರುಬೆರಳಿನಲ್ಲೂ ವೃತ್ತ ಹಾಕುತ್ತಾರೆ, ಉದುರಿದ ಪೇರಳೆ ಕಡ್ಡಿಯೂ ಆದೀತು. ಉಪ್ಪು ಮಳೆಗಾಲದಲ್ಲಿ ನೀರೊಡೆದು ನೆಲವೆಲ್ಲ ರಾಡಿ; ತೋಟದಲ್ಲಿ ಹಾಕಿದರೆ ಗಿಡದ ಬೇರಿಗೆ ಪೆಟ್ಟು. ಅಕ್ಕಿ ಹಿಟ್ಟಿನಲ್ಲಿ ಎಳೆಯಿರಿ, ಬೆಳಗ್ಗೆ ಇರುವೆಗಳೇ ಗುಡಿಸುತ್ತವೆ.