ಡಬ್ಲಿನ್‌ನಲ್ಲಿ ಅತಿಥಿಗಳ ಎರಡು ಸಂಜೆ

ಪ್ರಶ್ನೆ: ನಾನು ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ. ಆರು ತಿಂಗಳ ಮಟ್ಟಿಗೆ ನಮ್ಮ ಡಬ್ಲಿನ್ ಕಚೇರಿಗೆ ಹೋಗಲಿದ್ದೇನೆ. ಜೂನ್ ತಿಂಗಳಲ್ಲಿ ಜರ್ಮನಿ ಮತ್ತು ಜಪಾನಿನ ಸಹೋದ್ಯೋಗಿಗಳು ಅಲ್ಲಿಗೆ ಬರುತ್ತಾರೆ. ಎರಡು ಸಂಜೆ ಅವರಿಗೆ ಐರಿಷ್ ಊಟ, ಮನರಂಜನೆಗಳ ವ್ಯವಸ್ಥೆ ಮಾಡುವ ಹೊಣೆಯನ್ನು ನನಗೆ ವಹಿಸಿದ್ದಾರೆ. ನಾನು ಸಸ್ಯಾಹಾರಿ, ಮದ್ಯವನ್ನೂ ಮುಟ್ಟುವುದಿಲ್ಲ. ಹೇಗೆ ನಿಭಾಯಿಸಲಿ?
– ಓದುಗ, ಕದ್ರಿ, ಮಂಗಳೂರು

ಉತ್ತರ: ಆತಿಥೇಯರು ಅತಿಥಿಗಳ ಸರಿಸಮಾನವಾಗಿ ತಿನ್ನಬೇಕು, ಕುಡಿಯಬೇಕು ಎಂಬ ಕಟ್ಟಳೆ ಐರ್ಲೆಂಡಿನಲ್ಲಿಯೂ ಇಲ್ಲ. ಮೇಜನ್ನು ಮೊದಲೇ ಕಾಯ್ದಿರಿಸಿ, ಬಡಿಸಿದ ಪದಾರ್ಥದಲ್ಲಿ ಏನೇನಿದೆ ಎಂದು ಹೇಳಬಲ್ಲವರಾಗಿದ್ದು, ಬಿಲ್ಲನ್ನು ಸದ್ದಿಲ್ಲದೆ ಪಾವತಿಸಿದರೆ ನಿಮ್ಮ ಕರ್ತವ್ಯದ ಬಹುಪಾಲು ಮುಗಿಯಿತು. ಮೊದಲ ಸಂಜೆಯನ್ನು ಊಟಕ್ಕೂ ಎರಡನೆಯದನ್ನು ಸಂಗೀತಕ್ಕೂ ಮೀಸಲಿಡಿ. ಎರಡನ್ನೂ ಒಂದೇ ರಾತ್ರಿಗೆ ತುರುಕಿದರೆ, ಜಪಾನಿನಿಂದ ವಿಮಾನವೇರಿ ಬಂದವರು ಸಂಗೀತ ಆರಂಭವಾಗುವ ಹೊತ್ತಿಗೆ ತೂಕಡಿಸುತ್ತಿರುತ್ತಾರೆ.

ಊಟಕ್ಕೆ ನಾನು ಸೂಚಿಸುವ ಜಾಗ ಹೋತ್. ನಗರದ ನಡುವಿನಿಂದ ಡಾರ್ಟ್ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿಯಲ್ಲಿರುವ ಈ ಮೀನುಗಾರಿಕಾ ಬಂದರು, ನಮ್ಮ ದಕ್ಕೆಯನ್ನೋ ಮಲ್ಪೆಯನ್ನೋ ನೋಡಿ ಬೆಳೆದವರಿಗೆ ಬೇಗನೆ ಒಗ್ಗುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ ಸಮೀಪಿಸುವುದರಿಂದ, ಊಟ ಮುಗಿಸಿ ಬೆಳಕಿನಲ್ಲಿಯೇ ಬಂದರಿನ ಕಟ್ಟೆಯ ಮೇಲೆ ಅಡ್ಡಾಡಬಹುದು. ಕಚೇರಿಯ ಮಾತು ಹಗುರಾಗುವುದು ಅಲ್ಲಿಯೇ. ಮೀನು, ಚಿಪ್ಪುಮೀನುಗಳನ್ನು ಹಾಲು, ಕೆನೆಯಲ್ಲಿ ಬೇಯಿಸಿದ ದಪ್ಪ ಸೂಪ್ ಚೌಡರ್ ಮತ್ತು ‘ಡಬ್ಲಿನ್ ಬೇ ಪ್ರಾನ್’ ಇಲ್ಲಿ ತಿನ್ನಬೇಕಾದವು. ಹೆಸರಿನಲ್ಲಿ ಸಿಗಡಿಯೆಂದಿದ್ದರೂ ಎರಡನೆಯದು ನಿಜಕ್ಕೂ ಲಾಬ್‌ಸ್ಟರ್‌ನ ಬಂಧು. ಜೊತೆಗೆ ಬರುವ ಸೋಡಾ ಬ್ರೆಡ್‌ಗೆ ಯೀಸ್ಟ್ ಹಾಕುವುದಿಲ್ಲ, ಅಡುಗೆ ಸೋಡಾ ಮತ್ತು ಮಜ್ಜಿಗೆಯಿಂದಲೇ ಅದು ಉಬ್ಬುತ್ತದೆ. ಬೆಣ್ಣೆ ಹಚ್ಚಿದ ಆ ಬ್ರೆಡ್ ನಿಮಗೂ ಧಾರಾಳವಾಗಿ ಸಲ್ಲುತ್ತದೆ.

ಮಾಂಸದ ಅಡುಗೆಯಲ್ಲಿ ಅತಿಥಿಗಳಿಗೆ ಧೈರ್ಯವಾಗಿ ಸೂಚಿಸಬಹುದಾದದ್ದು ಕುರಿಮಾಂಸ, ಆಲೂಗಡ್ಡೆ, ಈರುಳ್ಳಿಗಳ ಐರಿಷ್ ಸ್ಟ್ಯೂ. ಹಂದಿಮಾಂಸದ ಸಾಸೇಜ್, ಬೇಕನ್‌ಗಳನ್ನು ಆಲೂಗಡ್ಡೆಯೊಡನೆ ಬೇಯಿಸಿದ ಕಾಡಲ್ ಡಬ್ಲಿನ್ನಿಗರ ಹೆಮ್ಮೆಯ ಪದಾರ್ಥವಾದರೂ ನೋಟಕ್ಕೆ ಬಿಳಿಚಿಕೊಂಡಿರುತ್ತದೆ. ಪರದೇಶದವರಿಗೆ ಅದನ್ನು ಒತ್ತಾಯಿಸದಿರುವುದು ಒಳಿತು. ಬ್ಲ್ಯಾಕ್ ಪುಡಿಂಗ್ ಎಂಬ ಸಾಸೇಜ್‌ನಲ್ಲಿ ಹಂದಿಯ ರಕ್ತವಿರುವುದನ್ನು ತಿಂದ ಮೇಲೆ ಹೇಳಬೇಡಿ, ಮೊದಲೇ ತಿಳಿಸಿ. ‘ಕಾರ್ನ್ಡ್ ಬೀಫ್ ಮತ್ತು ಎಲೆಕೋಸು’ ಎಲ್ಲಿ ಎಂದು ಯಾರಾದರೂ ಕೇಳಿದರೆ, ಅದು ಹೆಚ್ಚಾಗಿ ಅಮೆರಿಕಕ್ಕೆ ವಲಸೆ ಹೋದ ಐರಿಷರ ಊಟವೆಂದೂ ತಾಯ್ನಾಡಿನಲ್ಲಿ ಎಲೆಕೋಸಿನ ಜೊತೆಗಾರ ಬೇಕನ್ ಎಂದೂ ವಿವರಿಸಬಹುದು.

ನಿಮ್ಮ ತಟ್ಟೆಗೆ ಆಲೂಗಡ್ಡೆಯೇ ಆಸರೆ. ಕೇಲ್ ಸೊಪ್ಪು ಅಥವಾ ಎಲೆಕೋಸು ಬೆರೆಸಿ ಹಿಸುಕಿದ ಕೊಲ್‌ಕ್ಯಾನನ್, ಈರುಳ್ಳಿಸೊಪ್ಪು ಬೆರೆಸಿದ ಚಾಂಪ್, ತುರಿದ ಆಲೂಗಡ್ಡೆಯನ್ನೂ ಸೇರಿಸಿ ಕಾವಲಿಯ ಮೇಲೆ ಹುಯ್ಯುವ ಬಾಕ್ಸ್‌ಟಿ ಇವೆಲ್ಲ ಬೇಕನ್ ಇಲ್ಲದೆಯೂ ಆಗುತ್ತವೆ. ಆದರೆ ತರಕಾರಿ ಸೂಪ್‌ಗೆ ಕೋಳಿಯ ಸಾರು ಹಾಕಿರಬಹುದು. ಅಲ್ಲಿನ ಹೋಟೆಲುಗಳು ಅಲರ್ಜಿ ತರುವ 14 ಪದಾರ್ಥಗಳ ವಿವರವನ್ನು ಕಾನೂನಿನಂತೆ ಬರೆದು ಕೊಡಬೇಕಾದರೂ ಆ ಪಟ್ಟಿ ಮಾಂಸದ ಬಗ್ಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಮೇಜು ಕಾಯ್ದಿರಿಸುವಾಗ ಫೋನಿನಲ್ಲಿಯೇ ಕೇಳಿಕೊಳ್ಳಿ. ಅತಿಥಿಗಳ ಪಥ್ಯವನ್ನೂ ಇಮೇಲ್ ಮೂಲಕ ಮೊದಲೇ ವಿಚಾರಿಸಿ.

ಎರಡನೆಯ ಸಂಜೆ ಪಬ್ಬಿಗೆ ಹೋದಾಗ ಗಮನಿಸಬೇಕಾದದ್ದು ‘ರೌಂಡ್’ ಪದ್ಧತಿ: ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಪಾನೀಯ ತರಿಸುತ್ತಾರೆ. ಕುಡಿಯದಿದ್ದರೂ ಸರದಿ ತಪ್ಪಿಸಬಾರದು. ನೀವು ಆತಿಥೇಯರಾದ್ದರಿಂದ ಮೊದಲ ರೌಂಡ್ ನಿಮ್ಮದೇ ಆಗಿರಲಿ, ನಿಮಗಾಗಿ ನಿಂಬೆ ಸೋಡಾ ತೆಗೆದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಗಿನ್ನೆಸ್‌ನಲ್ಲಿಯೂ ಆಲ್ಕೋಹಾಲ್ ಇಲ್ಲದ 0.0 ಎಂಬ ಬಗೆಯಿದೆ. ಕೆಲವು ವರ್ಷಗಳ ಹಿಂದಿನವರೆಗೆ ಗಿನ್ನೆಸ್ ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುತ್ತಿದ್ದರು, ಈಗ ಬಿಟ್ಟಿದ್ದಾರೆ. ಸಸ್ಯಾಹಾರಿಯ ಬಾಯಲ್ಲಿ ಈ ವಿಷಯ ಕೇಳಿದರೆ ಅತಿಥಿಗಳಿಗೆ ತಮಾಷೆಯೆನಿಸೀತು.

ಸಂಗೀತಕ್ಕಾಗಿ ಟೆಂಪಲ್ ಬಾರ್ ಬೀದಿಗಳಿಗೆ ಕರೆದೊಯ್ಯಬೇಡಿ. ಅಲ್ಲಿ ಪ್ರವಾಸಿಗರ ನೂಕುನುಗ್ಗಲು, ದುಬಾರಿ ದರ. ಎದುರಿಗಿದ್ದವರ ಮಾತೂ ಕೇಳಿಸದು. ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್ ಸಾಂಪ್ರದಾಯಿಕ ‘ಸೆಷನ್’ಗೆ ಹೆಸರಾಗಿದೆ. ಮೆರಿಯನ್ ರೋನಲ್ಲಿರುವ ಓಡೊನಹ್ಯೂಸ್ 1960ರ ದಶಕದಲ್ಲಿ ‘ದ ಡಬ್ಲಿನರ್ಸ್’ ತಂಡ ರೂಪುಗೊಂಡ ಜಾಗ. ಸೆಷನ್ ಎಂದರೆ ವೇದಿಕೆಯ ಸಂಗೀತ ಕಛೇರಿಯಲ್ಲ. ವೇಷವಿಲ್ಲದೆ ಕುಳಿತೇ ನಡೆಸುವ ನಮ್ಮ ತಾಳಮದ್ದಳೆಯಂತೆ ಇಲ್ಲಿಯೂ ವಾದಕರು ಮೇಜಿನ ಸುತ್ತ ಕುಳಿತು, ಪಿಟೀಲು, ಕೊಳಲು, ಬೌರಾನ್ ಎಂಬ ಚರ್ಮವಾದ್ಯ ಮತ್ತು ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ‘ಇಲ್ಲಿನ್ ಪೈಪ್ಸ್’ ಎಂಬ ತಿದಿವಾದ್ಯದಲ್ಲಿ ಒಂದರ ಬೆನ್ನಿಗೊಂದು ಧಾಟಿ ಎತ್ತುತ್ತಾರೆ. ಅವರ ಆಸನಗಳಲ್ಲಿ ಕೂರಬಾರದು. ಯಾರಾದರೂ ಒಬ್ಬರೇ ಹಾಡತೊಡಗಿದರೆ ಮಾತು ನಿಲ್ಲಿಸಬೇಕು. ಸೆಷನ್ ಕಾವೇರುವ ಹೊತ್ತಿಗೆ ಅನೇಕ ಪಬ್ಬುಗಳ ಅಡುಗೆಮನೆ ಮುಚ್ಚಿರುತ್ತದೆ, ಊಟ ಮುಗಿಸಿಯೇ ಹೋಗಿ.

1904ರಲ್ಲಿ ಆರಂಭವಾದ ಆ್ಯಬಿ ರಂಗಮಂದಿರ ಹಿರಿದಾದರೂ ನಾಟಕ ಸವಿಯಲು ಇಂಗ್ಲಿಷ್ ಚೆನ್ನಾಗಿ ಬರಬೇಕು. ಭಾಷೆಯ ಹಂಗಿಲ್ಲದ್ದು ಬೇಕಾದರೆ, 82,000ಕ್ಕೂ ಹೆಚ್ಚು ಜನ ಹಿಡಿಸುವ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಹರ್ಲಿಂಗ್ ಎಂಬ ಐರಿಷ್ ಕೋಲು–ಚೆಂಡಿನ ಆಟದ ಪಂದ್ಯವಿದೆಯೇ ನೋಡಿ.

ಪ್ರಶ್ನೆ: ಐರ್ಲೆಂಡಿನ ಗ್ರಾಹಕರು ಜನವರಿಯಲ್ಲಿ ಉಡುಪಿಗೆ ಬರುತ್ತಾರೆ. ಅವರ ದೇಶದ ಊಟವನ್ನೇ ಮಾಡಿಸಬೇಕೆ?
– ಓದುಗರು, ಮಣಿಪಾಲ

ಉತ್ತರ: ಬೇಡ. ಇಲ್ಲಿನ ಮೀನನ್ನೇ ಖಾರ ತಗ್ಗಿಸಿ ಹುರಿಸಿ ಕೊಡಿ, ಬಾಳೆಯೆಲೆಯ ಊಟವನ್ನೂ ಒಮ್ಮೆ ಮಾಡಿಸಿ. ಗಟ್ಟಿ ಚಹಾಕ್ಕೆ ಹಾಲು ಬೆರೆಸಿ ದಿನವಿಡೀ ಕುಡಿಯುವವರಾದ್ದರಿಂದ ಫ್ಲಾಸ್ಕ್ ಖಾಲಿಯಾಗದಂತೆ ನೋಡಿಕೊಂಡರೆ ಸಾಕು. ಯಕ್ಷಗಾನ ಮೇಳಗಳ ತಿರುಗಾಟ ಆಗ ನಡೆಯುತ್ತಿರುತ್ತದೆ. ಬಯಲಾಟಕ್ಕೆ ಕರೆದೊಯ್ಯುವುದಾದರೆ ಕಥೆಯನ್ನು ಕಾರಿನಲ್ಲಿಯೇ ಹೇಳಿ ಮುಗಿಸಿ, ಮೊದಲು ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ತೋರಿಸಿ. ಒಂದೆರಡು ಗಂಟೆಯ ಬಳಿಕ ಅವರು ಏಳಬಯಸಿದರೆ ತಡೆಯಬೇಡಿ.