ಬಿಡಿಬಿಡಿಯಾಗಿ ಸರಿ, ಒಟ್ಟಾಗಿ ಬೇರೆ ಯಾರೋ!

ಪ್ರಶ್ನೆ: ನನಗೆ 43 ವರ್ಷ. ನಾಲ್ಕು ತಿಂಗಳಿಂದ ಮುಖದ ಚಿತ್ರ ಬರೆಯಲು ಕಲಿಯುತ್ತಿದ್ದೇನೆ. ಕಣ್ಣು, ಮೂಗು, ಬಾಯಿ ಚೆನ್ನಾಗಿಯೇ ಬರುತ್ತವೆ, ಆದರೆ ಒಟ್ಟಿಗೆ ನೋಡಿದರೆ ಬೇರೆ ಯಾರೋ ಅನ್ನಿಸುತ್ತದೆ. ಶುರು ಮಾಡಿದ್ದು ತಡವಾಯಿತಾ?

ಉತ್ತರ: ಖಂಡಿತ ಇಲ್ಲ. ಬಿಡಿ ಭಾಗಗಳು ಬರುತ್ತಿವೆ ಅಂದರೆ ಕೈ ಪಳಗುತ್ತಿದೆ, ತಪ್ಪುತ್ತಿರುವುದು ಅಳತೆ. ಹೊಸಬರು ಸಾಮಾನ್ಯವಾಗಿ ಕಣ್ಣನ್ನು ತುಂಬಾ ಮೇಲೆ ಬರೆಯುತ್ತಾರೆ, ಯಾಕೆಂದರೆ ಹಣೆ ಮತ್ತು ನೆತ್ತಿಯ ಕಡೆ ನಮ್ಮ ಗಮನ ಹೋಗುವುದೇ ಕಡಿಮೆ ಅಲ್ವಾ? ನೆತ್ತಿಯಿಂದ ಗದ್ದದ ತುದಿಯವರೆಗೆ ಅಳೆದು ನೋಡಿ. ದೊಡ್ಡವರಲ್ಲಿ ಕಣ್ಣು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ತಲೆಯ ಅಗಲ ಸುಮಾರು 5 ಕಣ್ಣಿನಷ್ಟು. ಇದೆಲ್ಲ ಬರೀ ಸರಾಸರಿ, ಎದುರಿಗಿರುವ ಮುಖ ಈ ಸರಾಸರಿಯಿಂದ ಎಲ್ಲಿ ಬೇರೆಯಾಗುತ್ತದೆ ಎಂದು ಹುಡುಕಿದಾಗಲೇ ಹೋಲಿಕೆ ಸಿಗುವುದು, ನನಗಂತೂ ಈ ಹುಡುಕಾಟವೇ ಬಹಳ ಇಷ್ಟ.

ಹಾಗಾಗಿ ರೆಪ್ಪೆಯ ಕೂದಲಿಗೆ ಅವಸರ ಬೇಡ. ಮೊದಲು ತಲೆಯ ಆಕಾರ, ಕಣ್ಣಿನ ಮಟ್ಟ, ಮೂಗಿನ ತುದಿ, ತುಟಿ ಕೂಡುವ ಗೆರೆ ಇಷ್ಟನ್ನೇ ಎಚ್‌ಬಿ ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಮಾಡಿ, ಪೆನ್ಸಿಲನ್ನೇ ಅಳತೆಕೋಲು ಮಾಡಿಕೊಂಡು ಒಂದೊಂದರ ನಡುವಿನ ದೂರ ಹೋಲಿಸಿ. ಆಮೇಲೆ ಕಣ್ಣು ಅರೆಮುಚ್ಚಿ ನೋಡಿದರೆ ಸಣ್ಣ ವಿವರಗಳು ಮಾಯವಾಗಿ ದೊಡ್ಡ ನೆರಳುಗಳು ಮಾತ್ರ ಉಳಿಯುತ್ತವೆ. ಅವನ್ನು ಎಚ್‌ಬಿಗಿಂತ ಮೆತ್ತಗಿನ, ಕಪ್ಪಾಗಿ ಮೂಡುವ 4ಬಿ ಪೆನ್ಸಿಲಿನಲ್ಲಿ ತುಂಬಿ. ಹಲ್ಲಿಗೆ ಒಂದೊಂದಾಗಿ ಗೆರೆ ಎಳೆಯಬೇಡಿ, ವಯಸ್ಸು ಜಾಸ್ತಿಯಾದಂತೆ ಕಾಣುತ್ತದೆ.

ಇನ್ನೂ ಏನೋ ತಪ್ಪಿದೆ ಅನ್ನಿಸಿದರೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಓರೆಯಾದ ಕಣ್ಣು ತಕ್ಷಣ ಸಿಕ್ಕಿಬೀಳುತ್ತದೆ.